ಅಡಿಗೆಯವರ ಮುಖದ ಮಹಿಷಾಸುರ

ಮೈಸೂರಿನ ಬೆಟ್ಟದ ಮೇಲೆ ಕತ್ತಿ ಹಿಡಿದು ನಿಂತಿರುವ ಮಹಿಷಾಸುರನನ್ನು ನೋಡದವರು ಈಗ ನಮ್ಮ ಕಡೆ ಯಾರೂ ಇರಲಿಕ್ಕಿಲ್ಲ. ಆದರೆ ಜಾಲ್ಸೂರು ದಾಟಿ ಸುಳ್ಯ ಮುಟ್ಟುವ ಮೊದಲು, ರಸ್ತೆಯ ಎಡಬದಿಯಲ್ಲಿ ಅಂಥದೇ ಇನ್ನೊಬ್ಬ ಮಹಿಷಾಸುರ ಎರಡು ಮಳೆಗಾಲ ನಿಂತಿದ್ದ ಎಂಬುದನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅವನನ್ನು ಅಲ್ಲಿ ನಿಲ್ಲಿಸಿದವರು ನನ್ನ ಗಂಡ. ಕೆಡವಿಸಿದವಳು ನಾನು.

ನನ್ನ ತವರು ಬೆಟ್ಟಂಪಾಡಿ. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ನನ್ನ ಮದುವೆಯಾಯಿತು. ಗಂಡನ ಮನೆಯವರು ಆಲೆಟ್ಟಿಯಲ್ಲಿ ಗದ್ದೆ ತೋಟ ಮಾಡಿಕೊಂಡಿದ್ದವರು. ಇವರೊಬ್ಬರಿಗೆ ಮಾತ್ರ ಮಣ್ಣಿನ ಕೆಲಸ ಒಗ್ಗಲಿಲ್ಲ. ಅಣ್ಣನ ಕೈಗೆ ಬೇಸಾಯ ಬಿಟ್ಟು, ರಸ್ತೆ ಬದಿಯಲ್ಲಿದ್ದ ತುಂಡು ಜಾಗದಲ್ಲಿ ಮುಳಿಹುಲ್ಲಿನ ಮಾಡು ಹೊದೆಸಿ ಒಂದು ಚಾ ಹೋಟೆಲು ಇಟ್ಟಿದ್ದರು. ಎದುರಿಗೆ ನಾಲ್ಕು ಬೆಂಚು, ನಡುವೆ ತಟ್ಟಿಯ ಗೋಡೆ, ಅದರ ಹಿಂದೆ ಅಡಿಗೆಯ ಒಲೆ, ಅದಕ್ಕೂ ಹಿಂದೆ ನಾವಿರುವ ಎರಡು ಕೋಣೆ. ಅನ್ನ ಮಾರಿ ಬದುಕುವುದು ನಮ್ಮ ಮನೆತನದಲ್ಲಿ ಇಲ್ಲ ಎಂದು ಕುಟುಂಬದ ಹಿರಿಯರು ಮುಖ ತಿರುಗಿಸಿದ್ದರು. ಅತ್ತೆ ಮಾತ್ರ ಹಿರಿಸೊಸೆಯ ಹತ್ತಿರ ಹೊಂದದೆ ನಮ್ಮಲ್ಲಿಗೇ ಬಂದಿದ್ದರು.

ಹೋಟೆಲಿನಲ್ಲಿ ಅಡಿಗೆಗೆ ಇದ್ದವರು ಕಬಕದ ಕಡೆಯವರು. ಆಗ ಅವರಿಗೆ ನಲ್ವತ್ತೈದು ದಾಟಿತ್ತು. ಪ್ರಾಯದಲ್ಲಿ ಅವರು ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ ಮಾಡುತ್ತಿದ್ದರು, ಎಂದರೆ ರಾಕ್ಷಸರ ಪಾತ್ರ. ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು, ದೊಡ್ಡ ಕಿರೀಟ ಹೊತ್ತು, ಬೊಬ್ಬೆ ಹೊಡೆಯುತ್ತ ಸಭೆಯ ಮಧ್ಯದಿಂದ ಬರುವ ವೇಷ. ಒಂದು ಸಲ ಮಳೆ ಬಿದ್ದ ರಂಗಸ್ಥಳದಲ್ಲಿ ಕಾಲು ಜಾರಿ ಸೊಂಟಕ್ಕೆ ಪೆಟ್ಟಾಯಿತು. ಆಮೇಲೆ ಕುಣಿಯಲು ಆಗಲಿಲ್ಲ. ಮೇಳ ಬಿಟ್ಟು ಸೌಟು ಹಿಡಿದರು. ಮದುವೆಯಾಗಿರಲಿಲ್ಲ. ಮಾತು ಬಹಳ ಕಡಿಮೆ. ಗೋಳಿಬಜೆಯ ಹಿಟ್ಟು ಕಲಸುವಾಗ ಬಾಯೊಳಗೆ ಚೆಂಡೆಯ ಪೆಟ್ಟು ಹೇಳಿಕೊಳ್ಳುತ್ತಿದ್ದುದು ಬಿಟ್ಟರೆ ಅವರ ಸ್ವರವೇ ಕೇಳುತ್ತಿರಲಿಲ್ಲ. ಒಮ್ಮೆ ನಾನು ಅವರನ್ನು, ಒಂದು ಅಟ್ಟಹಾಸ ಮಾಡಿ ತೋರಿಸಿ ಎಂದು ಕೇಳಿದ್ದೆ. ಚಾ ಕುಡಿಯುವವರು ಗ್ಲಾಸು ಕೆಳಗೆ ಹಾಕಿಯಾರು ಎಂದು ನಕ್ಕುಬಿಟ್ಟರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದರೂ ಯಜಮಾನರ ಹೆಂಡತಿ ಎಂದು ಅವರು ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದರು.

ಮದುವೆಯಾದ ಮರುವರ್ಷ ಇವರು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು. ಸಂಪಾಜೆ ಘಾಟಿ ಹತ್ತಿ ಮಡಿಕೇರಿಯ ದಾರಿಯಾಗಿ ಇಡೀ ದಿನದ ಬಸ್ಸು. ದಾರಿಯುದ್ದಕ್ಕೂ ನಾನು ವಾಂತಿ ಮಾಡಿಕೊಂಡದ್ದೇ ಹೆಚ್ಚು. ಮಾರನೆಯ ದಿನ ಬೆಟ್ಟಕ್ಕೆ ಹೋದೆವು. ಬಸ್ಸಿನಿಂದ ಇಳಿದು ಎದುರಿಗೆ ಆ ಮೂರ್ತಿಯನ್ನು ಕಂಡದ್ದೇ ಇವರು ಅಲ್ಲೇ ನಿಂತುಬಿಟ್ಟರು. ಬಲಗೈಯಲ್ಲಿ ಎತ್ತಿದ ಕತ್ತಿ, ಎಡಗೈಯಲ್ಲಿ ಹಾವು, ಆ ಮೀಸೆ, ಆ ಬಣ್ಣ. ನಾನು ದೇವಿಯ ದರ್ಶನ ಮಾಡಿ ಪ್ರಸಾದ ಹಿಡಿದು ಬರುವಾಗಲೂ ಇವರು ಅದೇ ಜಾಗದಲ್ಲಿದ್ದರು. ದೇವಿಯನ್ನು ನೋಡಲಿಕ್ಕೆ ಹೋಗುವ ಮನಸ್ಸೇ ಇರಲಿಲ್ಲ. ನಾನು ಒತ್ತಾಯ ಮಾಡಿದ ಮೇಲೆ ಒಳಗೆ ಹೋಗಿ ಬಂದರು. ಇಳಿಯುವಾಗ ಅಂಗಡಿಯೊಂದರಲ್ಲಿ ಮೂರ್ತಿಯ ಬಣ್ಣದ ಚಿತ್ರವಿರುವ ಪೋಸ್ಟ್ ಕಾರ್ಡು ಕೊಂಡರು.

ಊರಿಗೆ ಬರುವವರೆಗೆ ಇವರು ಆ ಕಾರ್ಡನ್ನು ಕೈಯಿಂದ ಬಿಡಲಿಲ್ಲ. ಬಂದ ಮೇಲೆ ಹೇಳಿದರು, ಹೋಟೆಲಿನ ಎದುರು ಅಂಥದೇ ಒಂದು ಮೂರ್ತಿ ಮಾಡಿಸುವುದೆಂದು. ನಾನು ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಮಂಗಳೂರಿನಿಂದ ಮೈಸೂರಿಗೆ ಹೋಗುವ ಬಸ್ಸುಗಳೆಲ್ಲ ನಮ್ಮ ಎದುರಿನಿಂದಲೇ ಹೋಗುತ್ತಿದ್ದವು. ಆದರೆ ನಿಲ್ಲುತ್ತಿದ್ದುದು ಸುಳ್ಯ ಪೇಟೆಯಲ್ಲಿ. ನಮ್ಮಲ್ಲಿ ನಿಲ್ಲಿಸುತ್ತಿದ್ದುದು ಎಂಜಿನಿಗೆ ನೀರು ಬೇಕಾದಾಗ ಮಾತ್ರ.

"ಮೈಸೂರು ಇನ್ನೂ ನೂರು ಮೈಲು ಇರುವಾಗಲೇ ಮೈಸೂರಿನ ಮಹಿಷಾಸುರ ಕಂಡರೆ ಯಾರು ಇಳಿಯುದಿಲ್ಲ ಹೇಳು?" ಎಂದರು ಇವರು.

ಕೆಲಸಕ್ಕೆ ಬಂದ ಮೇಸ್ತ್ರಿ ಗಡಿಯಾಚೆಯ ಮಲಯಾಳ ಮಾತಾಡುವವನು. ನಮ್ಮ ಬಾವಿಗೆ ಕಟ್ಟೆ ಕಟ್ಟಿದವನು ಅವನೇ. ಯಾವುದೋ ದೈವಸ್ಥಾನದ ಬಾಗಿಲಿಗೆ ಎರಡು ಸಿಂಹ ಮಾಡಿದ್ದನಂತೆ, ಅದು ಬಿಟ್ಟರೆ ಮೂರ್ತಿಯ ಕೆಲಸ ಅವನಿಗೂ ಹೊಸತು. ಮೈಸೂರನ್ನು ಅವನು ನೋಡಿರಲಿಲ್ಲ. ಪೋಸ್ಟ್ ಕಾರ್ಡನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿ, ಇದರ ಬೆನ್ನಿನಲ್ಲಿ ಎಂತ ಉಂಟು ಎಂದು ಕೇಳಿದ. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಅಷ್ಟು ಹೊತ್ತು ಎದುರಿನಲ್ಲಿ ನಿಂತಿದ್ದ ಇವರು ಒಮ್ಮೆಯೂ ಹಿಂದೆ ಹೋಗಿ ನೋಡಿರಲಿಲ್ಲ. ಕಡೆಗೆ ಬೆನ್ನನ್ನು ಬರಿದಾಗಿ ಬಿಡುವುದೆಂದು ತೀರ್ಮಾನವಾಯಿತು. ಹೇಗೂ ಬೆನ್ನು ಗುಡ್ಡೆಯ ಕಡೆಗೆ ಬರುತ್ತಿತ್ತು.

ಪಯಸ್ವಿನಿ ಹೊಳೆಯಿಂದ ಹೊಯಿಗೆ ಹೊರಿಸಿದರು. ಒಳಗೆ ಮುರಕಲ್ಲು, ಮೇಲೆ ಸಿಮೆಂಟು. ಸಿಮೆಂಟು ಸಿಗುವುದು ಆಗ ಸುಲಭವಿರಲಿಲ್ಲ. ಪುತ್ತೂರಿಗೆ ಹೋಗಿ ಕಾದು, ಒಂದೊಂದೇ ಚೀಲ ತರುತ್ತಿದ್ದರು. ಚೀಲ ಬಂದಷ್ಟು ಕೆಲಸ. ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಒಂದೂವರೆ ಆಳೆತ್ತರದ ಅಸುರ. ಎರಡು ತಿಂಗಳಿಗೆ ಕುತ್ತಿಗೆಯವರೆಗೆ ಬಂತು. ಬಸ್ಸಿನವರು ತಲೆಯಿಲ್ಲದ ಮೂರ್ತಿಯನ್ನು ಕಂಡು, ಇದು ಎಂತ ಮಾರಾಯ್ರೆ ಎಂದು ಕಿಟಕಿಯಿಂದಲೇ ಕೇಳಿ ಹೋಗುತ್ತಿದ್ದರು.

ಕಷ್ಟವಾದದ್ದು ಮುಖ. ಕಾರ್ಡಿನಲ್ಲಿ ಮುಖವೆಂದರೆ ಹೆಬ್ಬೆರಳಿನ ಉಗುರಿನಷ್ಟು. ಮೇಸ್ತ್ರಿ ಮಾಡಿದ ಮೊದಲ ಮುಖ ಪೇಟೆಯ ಪೋಲೀಸಿನವರ ಹಾಗೆ ಆಯಿತು. ಇವರು ಕೆರೆಸಿಬಿಟ್ಟರು. ಎರಡನೆಯದು ಅಳುವವರ ಮುಖದಂತಿತ್ತು. ಅದನ್ನೂ ಕೆರೆಸಿದರು. ಮೇಸ್ತ್ರಿಗೆ ಸಿಟ್ಟು ಬಂದು ಕರಣೆ ಎಸೆದು ಕುಳಿತ. ಮಧ್ಯಾಹ್ನದ ಬಸ್ಸು ಹೋಗಿ ಹೋಟೆಲು ಖಾಲಿಯಾದ ಹೊತ್ತು. ಅಡಿಗೆಯವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಸೊಂಟಕ್ಕೆ ಕೈ ಕೊಟ್ಟು ಮೂರ್ತಿಯನ್ನು ನೋಡಿದರು. ಕಣ್ಣು ಹಾಗಲ್ಲ ಎಂದರು. ಮತ್ತೆ ಹೇಗೆ ಎಂದು ಮೇಸ್ತ್ರಿ ಕೆಣಕಿದ.

ಅವರು ಕಣ್ಣು ಬಿಟ್ಟರು. ಅಷ್ಟೇ ಮಾಡಿದ್ದು. ಹುಬ್ಬು ಮೇಲೆ ಹೋಯಿತು, ಕೆನ್ನೆ ಉಬ್ಬಿತು, ಬಾಯಿಯ ಕೊನೆ ಕೆಳಗೆ ಬಂತು. ದಿನಾ ನಮಗೆ ಚಾ ಕಾಸಿ ಕೊಡುತ್ತಿದ್ದ ಮನುಷ್ಯ ಅಲ್ಲಿರಲಿಲ್ಲ. ನಾನು ಕೈಯಲ್ಲಿದ್ದ ಗ್ಲಾಸುಗಳನ್ನು ಬೆಂಚಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ.

"ಅಲ್ಲಾಡಬೇಡಿ," ಎಂದ ಮೇಸ್ತ್ರಿ. ಕರಣೆ ಹುಡುಕಲಿಕ್ಕೆ ಓಡಿದ.

ಅಲ್ಲಿಂದ ಎಂಟು ದಿನ, ಮಧ್ಯಾಹ್ನದ ಬಸ್ಸು ಹೋದ ಮೇಲೆ, ಅಡಿಗೆಯವರು ಮರದ ಏಣಿಯ ಪಕ್ಕ ಕುಳಿತು ಕಣ್ಣು ಬಿಡುತ್ತಿದ್ದರು. ಮೇಸ್ತ್ರಿ ಏಣಿಯ ಮೇಲಿನಿಂದ ನೋಡಿ ನೋಡಿ ಸಿಮೆಂಟು ಮೆತ್ತುತ್ತಿದ್ದ. ಬಣ್ಣ ಹಾಕುವ ಕೆಲಸವನ್ನು ಅಡಿಗೆಯವರು ಬೇರೆಯವರಿಗೆ ಬಿಡಲೇ ಇಲ್ಲ. ನಮ್ಮ ಯಕ್ಷಗಾನದ ಆಟದ ಮಹಿಷನಿಗೆ ಕೋಡು ಉಂಟು, ಇದಕ್ಕೂ ಇಡುವ ಎಂದು ಕೇಳಿದ್ದರು. ಕಾರ್ಡಿನಲ್ಲಿ ಕೋಡು ಕಾಣುವುದಿಲ್ಲ, ಮೈಸೂರಿನದರ ಹಾಗೆಯೇ ಇರಬೇಕು ಎಂದು ಇವರು ಒಪ್ಪಲಿಲ್ಲ. ಕೋಡಿನ ಆಸೆ ಬಿಟ್ಟ ಅಡಿಗೆಯವರು ಮುಖದಲ್ಲಿ ಮಾತ್ರ ಇವರ ಮಾತು ಕೇಳಲಿಲ್ಲ. ಕೆಂಪು, ಕಪ್ಪು, ಬಿಳಿ ಹಚ್ಚಿ, ಮೂಗಿನ ಎರಡೂ ಬದಿಗೆ ಆಟದ ಗೆರೆಗಳನ್ನು ಬರೆದರು. ಹೀಗೆ ಮೈ ಮೈಸೂರಿನದು, ಮುಖ ನಮ್ಮ ಅಡಿಗೆಯವರದು.

ಇವರ ಲೆಕ್ಕಾಚಾರ ತಪ್ಪಲಿಲ್ಲ. ಬಸ್ಸುಗಳು ನಿಂತವು. ಮೈಸೂರು ನೋಡಿದವರು ಅದರ ಹಾಗೇ ಉಂಟು ಎಂದರು, ನೋಡದವರು ಇನ್ನು ಮೈಸೂರಿಗೆ ಹೋಗುವುದು ಬೇಡ ಎಂದರು. ಮೂರ್ತಿಯನ್ನು ನೋಡಿ ಒಳಗೆ ಬಂದು ಬೆಂಚಿನಲ್ಲಿ ಕುಳಿತವರು, ಸಜ್ಜಿಗೆ, ಅವಲಕ್ಕಿಯ ಬಜಿಲು ತಂದಿಡುವವರ ಮುಖವನ್ನು ಒಮ್ಮೆ ನೋಡಿ, ತಿರುಗಿ ಹೊರಗೆ ನೋಡುತ್ತಿದ್ದರು. ಆಮೇಲೆ ನಗೆ. ಅಡಿಗೆಯವರಿಗೆ ಈ ನಗೆ ಇಷ್ಟವಾಗುತ್ತಿತ್ತು. ಮೊದಲು ಒಲೆಯ ಮುಂದಿನಿಂದ ಏಳದವರು ಈಗ ತಾವೇ ತಟ್ಟೆ ಹಿಡಿದು ಹೊರಗೆ ಬರತೊಡಗಿದರು. ಮೇಳದ ಕಥೆ ಹೇಳಿದರು. ಹೊಳೆ ದಾಟಿ ಆಟಕ್ಕೆ ಹೋದದ್ದು, ವೇಷ ಕಟ್ಟುವ ಚೌಕಿಯಲ್ಲಿ ಮುಖದ ಚುಟ್ಟಿ ಒಣಗುವವರೆಗೆ ಅಲ್ಲಾಡದೆ ಮಲಗಿದ್ದದ್ದು. ಮೀಸೆಯ ಬಣ್ಣ ಮಳೆಗೆ ಮಾಸಿದರೆ ಏಣಿ ಇಟ್ಟು ಹತ್ತಿ ಅವರೇ ಸರಿಮಾಡುತ್ತಿದ್ದರು. ಸೊಂಟ ನೋವಿನವರು ಏಣಿ ಹತ್ತುವುದು ಬೇಡವೆಂದರೂ ಕೇಳುತ್ತಿರಲಿಲ್ಲ.

ಎರಡನೆಯ ಮಳೆಗಾಲದ ಹೊತ್ತಿಗೆ ಆಲೆಟ್ಟಿಯ ಹವ್ಯಾಸಿ ಯಕ್ಷಗಾನ ತಂಡದವರು ಅವರನ್ನು ಹುಡುಕಿಕೊಂಡು ಬಂದರು. ದೀಪಾವಳಿ ಕಳೆದ ಮೇಲೆ ಒಂದು ಆಟ ಆಡುತ್ತೇವೆ, ನೀವು ಮಹಿಷಾಸುರ ಮಾಡಬೇಕು, ಕುಣಿತ ಕಡಿಮೆ ಮಾಡುವ, ನಿಂತು ಕಣ್ಣು ಬಿಟ್ಟರೆ ಸಾಕು ಎಂದರು. ಮೂರ್ತಿಯನ್ನು ನೋಡಿಯೇ ಅವರಿಗೆ ಆ ಯೋಚನೆ ಬಂದದ್ದು. ಅಡಿಗೆಯವರು ನೋಡುವ ಎಂದು ಹೇಳಿ ಕಳಿಸಿದರು. ಮೂರನೆಯ ದಿನ ತಮ್ಮ ತಗಡಿನ ಪೆಟ್ಟಿಗೆ ತೆಗೆದು, ಹಳೆಯ ಎದೆಪದಕವನ್ನು ಹುಣಸೆಹುಳಿ ಹಾಕಿ ತಿಕ್ಕುವುದನ್ನು ಕಂಡೆ. ಅವರೇ, "ಒಂದು ಸಲ ಮಾಡುದು ಅಕ್ಕ, ಹದಿಮೂರು ವರ್ಷ ಆಯ್ತು," ಎಂದರು.

ಆಗ ನಾನು ಬಸುರಿ. ಆರನೆಯ ತಿಂಗಳು ನಡೆಯುತ್ತಿತ್ತು. ನೆರೆಕರೆಯ ಹೆಂಗಸರು, ಬೆಳಗಾಗೆದ್ದು ಆ ಅಸುರನ ಮುಖ ನೋಡಬಾರದು, ನೋಡಿದ ಹಾಗೆ ಮಗುವಾಗುತ್ತದೆ ಎಂದು ಹೇಳುತ್ತಲೇ ಇದ್ದರು. ಅತ್ತೆ ಹಿಂದಿನ ಬಾಗಿಲಿನಿಂದಲೇ ಓಡಾಡು ಎಂದರು. ನನಗೆ ಇದರಿಂದ ಹೆದರಿಕೆಯಾಗಲಿಲ್ಲ. ಆ ಮುಖವನ್ನು ನಾನು ಸಿಮೆಂಟಿನ ಮುದ್ದೆಯಾಗಿದ್ದಾಗಿನಿಂದ ನೋಡಿದವಳು.

ಒಂದು ದಿನ ಹತ್ತು ಗಂಟೆಯ ಬಸ್ಸು ನಿಂತಿತ್ತು. ನಾನು ತಟ್ಟಿಯ ಈಚೆ ಕಡೆ ಗ್ಲಾಸು ತೊಳೆಯುತ್ತಿದ್ದೆ. ಸ್ವಲ್ಪ ಹೊತ್ತಿನ ಮುಂಚೆ ನಾನು ಕೊಡ ಹಿಡಿದು ಎದುರಿನಿಂದ ಹಾದು ಬಂದದ್ದನ್ನು ಬಸ್ಸಿನ ಡ್ರೈವರ್ ನೋಡಿದ್ದ. ಅವನು ದಿನಾ ಬರುವವನು. ಚಾ ಕುಡಿಯುತ್ತ ಕಂಡಕ್ಟರನಿಗೆ ಹೇಳಿದ:

"ಹುಟ್ಟುವ ಮಗುವಿಗೂ ಇದೇ ಮುಖ ಬಂದರೆ ಎಂತ ಮಾಡುದು ಮಾರಾಯ? ಮೂರ್ತಿ ನೋಡಿ ಬಂದದ್ದು ಹೇಳುದಾ, ಅಡಿಗೆಯವರ ನೋಡಿ ಬಂದದ್ದು ಹೇಳುದಾ?"

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಇವರು ಆ ಹೊತ್ತಿಗೆ ಹೊರಗೆ ಬಸ್ಸಿನವರಿಗೆ ನೀರು ಕೊಡಿಸುತ್ತಿದ್ದರು. ಅಡಿಗೆಯವರು ಎಣ್ಣೆಗೆ ಹಿಟ್ಟು ಬಿಡುತ್ತಿದ್ದರು. ಎಣ್ಣೆಯ ಸದ್ದಿಗೆ ಅವರಿಗೆ ಕೇಳಿಸಲಿಲ್ಲ ಎಂದೇ ನಾನು ತಿಳಿದೆ. ನನ್ನ ಕಿವಿ ಮಾತ್ರ ಬೆಂಕಿಯ ಹಾಗೆ ಆಯಿತು. ನನಗಾಗ ಇಪ್ಪತ್ತೆರಡು ವರ್ಷ. ಅಂಥ ಮಾತನ್ನು ನನ್ನ ಬಗ್ಗೆ ಯಾರಾದರೂ ಆಡಬಹುದೆಂದು ಎಣಿಸಿಯೂ ಇರಲಿಲ್ಲ.

ಮಾತು ಅಲ್ಲಿಗೇ ನಿಂತಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ನಾಲ್ಕು ದಿನ ಕಳೆದು ಇನ್ನೊಂದು ಬಸ್ಸಿನವನ ಬಾಯಲ್ಲಿ ಅದೇ ಮಾತು ಕೇಳಿದೆ. ಅದೇ ವಾರ ಅತ್ತೆ ಸೊಪ್ಪು ಬಿಡಿಸುತ್ತ ಕುಳಿತವರು, ತಲೆ ಎತ್ತದೆ, "ಅಡಿಗೆಯವರ ಹತ್ರ ಅಷ್ಟು ಮಾತು ಯಾಕೆ ಮಗಾ," ಎಂದರು. ಬೈದದ್ದಲ್ಲ. ಮೆಲ್ಲನೆಯೇ ಹೇಳಿದರು. ಅವರ ಕಿವಿಗೂ ಹೋಗಿದೆ ಎಂದು ನನಗೆ ಗೊತ್ತಾಯಿತು.

ಗಂಡನಿಗೆ ಹೇಳಬಹುದಿತ್ತು. ಹೇಳಿದರೆ ಇವರು ಡ್ರೈವರನ ಕುತ್ತಿಗೆಗೆ ಕೈ ಹಾಕುತ್ತಾರೆ, ಆಗ ಮಂಗಳೂರಿನಿಂದ ಮಡಿಕೇರಿಯವರೆಗೆ ಎಲ್ಲರಿಗೂ ತಿಳಿಯುತ್ತದೆ ಎಂದು ಹೆದರಿದೆ. ಅಡಿಗೆಯವರ ಮುಖಕ್ಕೆ ನಾನು ಏನೂ ಮಾಡುವಂತಿರಲಿಲ್ಲ. ಮೂರ್ತಿ ಹೋದರೆ ಮಾತೂ ಹೋಗುತ್ತದೆ ಎಂದು ಅನಿಸಿತು. ಆದರೆ ಅಷ್ಟು ಆಸೆಪಟ್ಟು ನಿಲ್ಲಿಸಿದ ಮೂರ್ತಿಯನ್ನು ಇವರು ಸುಮ್ಮನೆ ತೆಗೆಯುವವರಲ್ಲ. ಬಸುರಿಯ ಹೆದರಿಕೆ ಎಂದರೆ ನಕ್ಕುಬಿಡುತ್ತಿದ್ದರು.

ಮರುದಿನ ಬೆಳಿಗ್ಗೆ ಇವರು ಹಲ್ಲುಜ್ಜಿ ಬರುವಾಗ, ಅತ್ತೆಯೂ ಕೇಳುವ ಹಾಗೆ, ನಾನೊಂದು ಕನಸು ಹೇಳಿದೆ. ಮೂರು ದಿನದಿಂದ ಆ ಮೂರ್ತಿ ಕನಸಿಗೆ ಬರುತ್ತಿದೆ, ಕತ್ತಿ ಕೆಳಗಿಟ್ಟು ಎರಡೂ ಕೈ ಚಾಚಿ ಮಗುವನ್ನು ಕೊಡು ಎನ್ನುತ್ತಿದೆ ಎಂದೆ. ಅಂಥ ಕನಸು ನನಗೆ ಯಾವತ್ತೂ ಬಿದ್ದಿರಲಿಲ್ಲ. ಹೇಳುವಾಗ ಅಳು ಬಂತು. ಆ ಅಳು ನಿಜವಾಗಿತ್ತು, ಕಾರಣ ಮಾತ್ರ ಬೇರೆ ಇತ್ತು.

ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಇವರು ಹೊರಗೆ ಹೋಗಿ, ಮೂರ್ತಿಯ ಕೆಳಗೆ ಕಟ್ಟೆಯ ಮೇಲೆ ಕುಳಿತರು. ಆ ದಿನ ಬಸ್ಸಿನವರಿಗೆ ನೀರು ಕೊಡಿಸಲಿಕ್ಕೂ ಏಳಲಿಲ್ಲ. ಸಂಜೆ ಒಳಗೆ ಬಂದು, ನಿನಗೆ ಹಾಗೆ ಆಗುವುದಾದರೆ ಬೇಡ, ತೆಗೆಸುವ ಎಂದರು. ಅಷ್ಟು ಸುಲಭದಲ್ಲಿ ಒಪ್ಪಿದ್ದು ಕಂಡು ನನಗೆ ಸಮಾಧಾನವಾಗಲಿಲ್ಲ. ಆಗಲೇ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ಅಡಿಗೆಯವರು ಮಾರನೆಯ ಮಧ್ಯಾಹ್ನ ನನ್ನ ಹತ್ತಿರ ಬಂದರು. ಅತ್ತೆಯಿಂದ ಅವರಿಗೆ ಗೊತ್ತಾಗಿತ್ತು. ಬಾಗಿಲಿನ ಹೊರಗೇ ನಿಂತು ಕೇಳಿದರು:

"ಅಕ್ಕ, ಕನಸಿನಲ್ಲಿ ಬಂದದ್ದು ಅದರ ಮುಖವಾ, ನನ್ನ ಮುಖವಾ?"

ಅದರದ್ದೇ ಅಣ್ಣ ಎಂದೆ.

"ಎರಡೂ ಒಂದೇ ಅಲ್ವಾ," ಎಂದರು ಅವರು. ತಿರುಗಿ ಒಲೆಯ ಹತ್ತಿರ ಹೋದರು.

ಕೆಡವಲಿಕ್ಕೆ ಮೇಸ್ತ್ರಿಗೆ ಹೇಳಿ ಕಳಿಸಿದರೆ ಅವನು ಬರಲಿಲ್ಲ. ಬೇರೆ ಕಡೆ ಕೆಲಸ ಉಂಟು ಎಂದನಂತೆ. ಊರಿನ ಆಳುಗಳು ಅದಕ್ಕೆ ಪಿಕ್ಕಾಸು ಮುಟ್ಟಿಸಲು ಒಪ್ಪಲಿಲ್ಲ. ಮೂರ್ತಿಯ ಕಾಲಬುಡದಲ್ಲಿ ಅಷ್ಟು ಹೊತ್ತಿಗೆ ಯಾರು ಯಾರೋ ಕೇಪುಳ ಹೂ ಇಟ್ಟು ಹೋಗುತ್ತಿದ್ದರು. ಆದ್ದರಿಂದ ಅವರಿಗೆ ಭಯ. ಕಡೆಗೆ ಅಡಿಗೆಯವರೇ ನಾನು ಮಾಡುತ್ತೇನೆ ಎಂದರು. ಇವರು ಬೇಡವೆಂದರು. ನನ್ನ ಮುಖ, ನಾನು ತೆಗೆಯುತ್ತೇನೆ ಎಂದು ಅವರು ಪಿಕ್ಕಾಸು ತೆಗೆದುಕೊಂಡೇ ಹೋದರು.

ಬೆಳಿಗ್ಗೆಯ ಮೊದಲ ಬಸ್ಸು ಹೋದ ಮೇಲೆ ಶುರುಮಾಡಿದರು. ನನ್ನನ್ನು ಒಳಗೆ ಹೋಗಲು ಹೇಳಿದರು, ಬಸುರಿಯವರು ಇದನ್ನು ನೋಡಬಾರದು ಎಂದು. ನಾನು ಒಳಗೆ ಹೋದೆ, ಆದರೆ ತಟ್ಟಿಯ ಸಂದಿನಿಂದ ನೋಡಿದೆ. ಏಣಿ ಹತ್ತಿ ಮೊದಲು ಮರದ ಕತ್ತಿಯನ್ನು ಬಿಚ್ಚಿ ಕೆಳಗೆ ಕೊಟ್ಟರು. ಆಮೇಲೆ ಬಾಲ್ದಿಯಲ್ಲಿ ಸುಣ್ಣ ತರಿಸಿಕೊಂಡು ಮುಖಕ್ಕೆಲ್ಲ ಬಳಿದರು. ಕಣ್ಣು, ಮೀಸೆ, ಮೂಗಿನ ಬದಿಯ ಗೆರೆ ಎಲ್ಲ ಬಿಳಿಯಾಯಿತು. ಒಡೆಯುವುದಕ್ಕೆ ಸುಣ್ಣ ಯಾಕೆ ಎಂದು ಇವರು ಕೆಳಗಿನಿಂದ ಕೇಳಿದರು.

"ಬಣ್ಣ ತೆಗೆಯದೆ ಚೌಕಿ ಬಿಡುವ ಕ್ರಮ ಇಲ್ಲ," ಎಂದರು ಅಡಿಗೆಯವರು.

ಮತ್ತೆ ಪಿಕ್ಕಾಸು ಎತ್ತಿದರು. ಮೇಸ್ತ್ರಿಯ ಕೆಲಸ ಗಟ್ಟಿಯಿತ್ತು. ಮುಖ ಹೋಗಲಿಕ್ಕೆ ಬಹಳ ಹೊತ್ತು ಹಿಡಿಯಿತು. ಸೊಂಟ ನೋವಿಗೆ ನಡುನಡುವೆ ಏಣಿಯನ್ನು ಅಪ್ಪಿ ನಿಲ್ಲುತ್ತಿದ್ದರು. ಹತ್ತು ಗಂಟೆಯ ಬಸ್ಸು ಬಂದು ನಿಂತಾಗ ಜನ ಇಳಿದು ಸುತ್ತ ನಿಂತು ನೋಡಿದರು. ಆ ಡ್ರೈವರ್ ಕೂಡ ಇದ್ದ. ಅಯ್ಯೋ, ಒಳ್ಳೆಯ ಮೂರ್ತಿಯಾಗಿತ್ತು ಎಂದ ಅವನು. ಅವನ ಮಾತಿನಿಂದಲೇ ಇದು ನಡೆಯುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಮೊಣಕಾಲಿನವರೆಗೆ ಒಡೆಯುವಾಗ ಸಂಜೆಯಾಗಿತ್ತು. ಕೆಳಗಿನ ಭಾಗ ಹಾಗೆಯೇ ಉಳಿಯಿತು.

ಎಂಟು ದಿನ ಕಳೆದು ಅವರು ಕೆಲಸ ಬಿಡುತ್ತೇನೆ ಎಂದರು. ಕಾರಣ ಹೇಳಲಿಲ್ಲ. ಇವರು ಎಷ್ಟು ಕೇಳಿಕೊಂಡರೂ ನಿಲ್ಲಲಿಲ್ಲ. ಮಗು ಹುಟ್ಟುವ ಮನೆಯಲ್ಲಿ ನಾನಿರುವುದು ಸರಿಯಲ್ಲ ಎಂದು ಅತ್ತೆಯ ಹತ್ತಿರ ಮಾತ್ರ ಹೇಳಿದರಂತೆ. ತಗಡಿನ ಪೆಟ್ಟಿಗೆ ಹೊತ್ತು ಪುತ್ತೂರಿನ ಬಸ್ಸು ಹತ್ತುವಾಗ ನಾನು ಒಳಗಿದ್ದೆ. ಹೊರಗೆ ಬಂದು, ಹೋಗಿ ಬನ್ನಿ ಅಣ್ಣ ಎನ್ನಲಿಕ್ಕೂ ನನಗೆ ಧೈರ್ಯವಾಗಲಿಲ್ಲ.

ತವರಿನಲ್ಲಿ ಹೆಣ್ಣುಮಗು ಹುಟ್ಟಿತು. ಹಣೆ, ಮೂಗು, ಗಲ್ಲ ಎಲ್ಲ ಅತ್ತೆಯದೇ ಅಚ್ಚು. ನೋಡಲು ಬಂದ ಅತ್ತೆ ಮಗುವನ್ನು ತೊಡೆಯಲ್ಲಿ ಹಾಕಿಕೊಂಡು ಇಳಿಸಲೇ ಇಲ್ಲ. ನೆಂಟರೆಲ್ಲ ಅದನ್ನೇ ಹೇಳಿ ನಕ್ಕರು. ನಾನೂ ನಕ್ಕೆ. ಯಾರ ಬಾಯಿಗೆ ಹೆದರಿ ನಾನು ಅಷ್ಟೆಲ್ಲ ಮಾಡಿದ್ದೆನೋ ಆ ಡ್ರೈವರ್ ಅಷ್ಟರೊಳಗೆ ಬೇರೆ ದಾರಿಯ ಬಸ್ಸಿಗೆ ಹೋಗಿಯಾಗಿತ್ತು.

ಹೊಸ ಅಡಿಗೆಯವನ ಗೋಳಿಬಜೆ ಒಳಗೆ ಹಸಿಯಾಗಿರುತ್ತಿತ್ತು. ಬಸ್ಸುಗಳು ಅಭ್ಯಾಸದಿಂದ ಕೆಲವು ತಿಂಗಳು ನಿಂತವು, ಆಮೇಲೆ ಮೊದಲಿನಂತೆ ಸುಳ್ಯಕ್ಕೇ ಹೋದವು. ಮೊಣಕಾಲಿನವರೆಗಿನ ಕಾಲುಗಳ ಬುಡದ ಕಟ್ಟೆಯ ಮೇಲೆ ಬಸ್ಸಿಗೆ ಕಾಯುವವರು ಬಾಳೆಗೊನೆ ಇಡುತ್ತಿದ್ದರು. ರಸ್ತೆ ಅಗಲ ಮಾಡಿದಾಗ ಅದೂ ಹೋಯಿತು. ಇವರು ಮೂರ್ತಿಯ ಸುದ್ದಿಯನ್ನು ನನ್ನೆದುರು ಎತ್ತುತ್ತಿರಲಿಲ್ಲ. ನನಗೆ ಕನಸು ಮರುಕಳಿಸೀತೆಂದು ಇವರಿಗೆ ಭಯ. ಆ ಕಾಳಜಿ ನೋಡುವಾಗೆಲ್ಲ ನನಗೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಮಗಳಿಗೆ ಏಳು ವರ್ಷವಾದಾಗ ಕಡಬದಲ್ಲಿ ನಮ್ಮ ಸಂಬಂಧದ ಒಂದು ಮದುವೆಗೆ ಹೋಗಿದ್ದೆವು. ಊಟಕ್ಕೆ ಇನ್ನೂ ಹೊತ್ತಿತ್ತು. ಮಗಳಿಗೆ ಹಸಿವೆಂದು ಏನಾದರೂ ಕೇಳಿ ತರಲು ಅಡಿಗೆಯ ಚಪ್ಪರಕ್ಕೆ ಹೋದೆ. ದೊಡ್ಡ ಕೊಪ್ಪರಿಗೆಯ ಮುಂದೆ ಸ್ಟೂಲಿನ ಮೇಲೆ ಕುಳಿತು, ಹುಡುಗರಿಗೆ ಕೆಲಸ ಹೇಳುತ್ತಿದ್ದವರು ಅವರೇ. ಕೂದಲೆಲ್ಲ ಬೆಳ್ಳಗಾಗಿತ್ತು. ಬಹಳ ಇಳಿದುಹೋಗಿದ್ದರು. ನನ್ನನ್ನು ಕಂಡದ್ದೇ ಕೋಲು ಊರಿ ಎದ್ದು ನಿಂತರು. ಮಗಳನ್ನು ನೋಡಿ, "ಇವಳೇನಾ," ಎಂದರು. ಹೌದೆಂದೆ. ಬಾಳೆಲೆಯ ತುಂಡಿನಲ್ಲಿ ಎರಡು ಹೋಳಿಗೆ ಹಾಕಿ ಅವಳ ಕೈಗೆ ಕೊಟ್ಟು, ತಲೆ ಮುಟ್ಟಲು ಹೋದ ಕೈಯನ್ನು ಹಿಂದೆ ತೆಗೆದುಕೊಂಡರು.

ಮುಟ್ಟಿ ಅಣ್ಣ, ಎಂತ ಆಗುವುದಿಲ್ಲ ಎಂದೆ. ಅವರು ನಕ್ಕರು, ಮುಟ್ಟಲಿಲ್ಲ.

ನನ್ನನ್ನು ಕಂಡಾಗ ಅದನ್ನೇ ಕೇಳಬೇಕೆಂದು ಕಾದಿದ್ದವರಂತೆ, ಆ ಕನಸು ಆಮೇಲೆ ಬಿದ್ದದ್ದು ಉಂಟಾ ಎಂದು ವಿಚಾರಿಸಿದರು. ಇಲ್ಲ ಎಂದೆ. ಒಳ್ಳೆಯದಾಯಿತು ಎಂದರು. ಆಲೆಟ್ಟಿಯಲ್ಲಿ ಆ ದೀಪಾವಳಿ ಕಳೆದು ವೇಷ ಮಾಡಿದಿರಾ ಎಂದು ನಾನು ಕೇಳಿದೆ. ಅವರು ಕೊಪ್ಪರಿಗೆಯ ಕಡೆ ತಿರುಗಿದರು.

"ಇಲ್ಲ ಅಕ್ಕ. ಬಸುರಿಯವರ ಕನಸಿಗೆ ಹೋಗಿ ಮಗು ಕೇಳುವ ಮುಖಕ್ಕೆ ಮತ್ತೆ ಬಣ್ಣ ಯಾಕೆ? ಆಮೇಲೆ ಕರೆದವರಿಗೆಲ್ಲ ಬೇಡ ಹೇಳಿದೆ."

ಆ ಡ್ರೈವರನ ಮಾತು ಅವರ ಕಿವಿಗೆ ಯಾವತ್ತೂ ಬಿದ್ದಿರಲಿಲ್ಲ ಎಂದು ಆಗ ನನಗೆ ಖಚಿತವಾಯಿತು. ಅವರು ನನ್ನ ಕನಸನ್ನು ಮಾತ್ರ ನಂಬಿದ್ದರು. ಏಳು ವರ್ಷ ಅದನ್ನೇ ನಂಬಿಕೊಂಡು, ತಮ್ಮ ಮುಖಕ್ಕೆ ತಾವೇ ಹೆದರಿ ಬದುಕಿದ್ದರು. ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಆದರೆ ಕನಸು ಸುಳ್ಳು ಎಂದರೆ ನಿಜ ಯಾವುದು ಎಂದು ಹೇಳಬೇಕಾಗುತ್ತಿತ್ತು. ನನ್ನನ್ನು ಮಗಳ ಹಾಗೆ ಕಂಡ ಮನುಷ್ಯನಿಗೆ, ಮದುವೆ ಮನೆಯ ಚಪ್ಪರದಲ್ಲಿ ನಿಂತು, ಆ ಹೊಲಸು ಮಾತನ್ನು ಹೇಗೆ ಹೇಳುವುದು? ಅಷ್ಟರಲ್ಲಿ ಯಾರೋ ಬಂದು ಸಾಂಬಾರಿಗೆ ಉಪ್ಪು ನೋಡಲು ಅವರನ್ನು ಕರೆದರು. ಇನ್ನೊಂದು ಸಲ ಮನೆಗೆ ಬನ್ನಿ ಅಣ್ಣ, ಮಾತಾಡಲಿಕ್ಕೆ ಉಂಟು ಎಂದೆ. ಬರುತ್ತೇನೆ ಎಂದರು.

ಬರಲಿಲ್ಲ. ನಾನು ಎರಡು ಸಲ ಪುತ್ತೂರಿನ ಬಸ್ಸಿನ ಕಂಡಕ್ಟರರ ಹತ್ತಿರ ಹೇಳಿ ಕಳಿಸಿದೆ. ಸುದ್ದಿ ಮುಟ್ಟಿತೋ ಇಲ್ಲವೋ ತಿಳಿಯದು. ನಾನೇ ಕಬಕಕ್ಕೆ ಹೋಗಬಹುದಿತ್ತು. ಎಷ್ಟು ದೂರ? ಅರ್ಧ ದಿನದ ಕೆಲಸ. ಈ ತಿಂಗಳು ಆಲೆಟ್ಟಿಯಲ್ಲಿ ಕೊಯ್ಲು, ಮುಂದಿನ ತಿಂಗಳು ಅತ್ತೆಗೆ ಹುಷಾರಿಲ್ಲ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಮರುವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ತಂಗಿಯ ಮಗನ ಮನೆಯಲ್ಲಿದ್ದರಂತೆ. ನಮಗೆ ತಿಳಿಯುವಾಗ ಉತ್ತರಕ್ರಿಯೆಯ ಬೊಜ್ಜವೂ ಕಳೆದಿತ್ತು.

ಆ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಇವರಿಗೆ ಎಲ್ಲವನ್ನೂ ಹೇಳಿದೆ. ಡ್ರೈವರನ ಮಾತು, ಅತ್ತೆಯ ಮಾತು, ಇಲ್ಲದ ಕನಸು, ಕಡಬದಲ್ಲಿ ಅವರು ಹೇಳಿದ್ದು. ಇವರು ಕೊನೆಯವರೆಗೆ ಕೇಳಿದರು. ಎದ್ದು ಹೊರಗೆ ಹೋದರು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಕೈ ತೊಳೆಯಲು ನೀರು ಕೊಡುವಾಗ ಹೇಳಿದರು:

"ನನ್ನ ಹತ್ರ ಹೇಳಿದ್ದರೆ ಅವನ ಕೆನ್ನೆಗೆ ಎರಡು ಬಿಗಿದು ಬರ್ತಿದ್ದೆ. ನಾಲ್ಕು ದಿನ ಊರು ಮಾತಾಡ್ತಿತ್ತು, ಮತ್ತೆ ಸುಮ್ಮನಾಗ್ತಿತ್ತು. ಅಡಿಗೆಯವರು ನಮ್ಮಲ್ಲೇ ಇರ್ತಿದ್ದರು."

ಮೂರ್ತಿಯ ಮಾತನ್ನು ಎತ್ತಲೇ ಇಲ್ಲ. ಇವರಿಗೆ ನೋವಾದದ್ದು ಅದಕ್ಕಲ್ಲ ಎಂದು ನನಗೆ ತಿಳಿಯಿತು. ಹೌದು ಎಂದೆ. ಇವರು ಕೈ ತೊಳೆದು, ಒರೆಸಿಕೊಂಡು, ಎದುರಿನ ಬಾಗಿಲು ತೆಗೆಯಲು ಹೋದರು. ಪುತ್ತೂರಿನ ಕಡೆಯಿಂದ ಒಂದು ಬಸ್ಸು ಬರುತ್ತಿತ್ತು. ಅದು ನಿಲ್ಲದೆ ಹೋಯಿತು.